ಎರಡು ದಿನದ ಪ್ರಯೋಗದಲ್ಲಿ ಮರುಕಳಿಸುವ ಸೋಂಕು ಕಾಣುವುದಿಲ್ಲ: ಪ್ರಾಣಿ ಪ್ರಯೋಗಗಳಿಗೆ ಅನುಮತಿ ಕೊಡುವವರಿಗೆ ಒಂದು ಬಹಿರಂಗ ಪತ್ರ

ಪ್ರಾಣಿ ಪ್ರಯೋಗಗಳ ನೈತಿಕ ಸಮಿತಿಗಳ ಸದಸ್ಯರಿಗೆ ಮತ್ತು ಸಂಶೋಧನೆಗೆ ಹಣ ಮಂಜೂರು ಮಾಡುವವರಿಗೆ,

ನಮಸ್ಕಾರ.

ನಾನು ಮೂತ್ರನಾಳದ ಸೋಂಕನ್ನು ಇಲಿಗಳಲ್ಲಿ ಅಧ್ಯಯನ ಮಾಡುವವಳು. ನಿಮ್ಮಂಥವರ ಮುಂದೆ ಅರ್ಜಿ ಇಟ್ಟು, ಪ್ರಶ್ನೆಗಳಿಗೆ ಉತ್ತರ ಕೊಟ್ಟು, ಅನುಮತಿ ಸಿಕ್ಕ ಮೇಲೆ ಕೆಲಸ ಶುರು ಮಾಡುವ ಅನೇಕರಲ್ಲಿ ಒಬ್ಬಳು. ಈ ಪತ್ರ ಬರೆಯುತ್ತಿರುವುದು ಯಾವುದೋ ಒಂದು ಅರ್ಜಿಯ ಬಗ್ಗೆ ದೂರು ಹೇಳುವುದಕ್ಕಲ್ಲ. ನಮ್ಮಲ್ಲೂ ನಿಮ್ಮಲ್ಲೂ ಬೇರೂರಿರುವ ಒಂದು ಅಭ್ಯಾಸದ ಬಗ್ಗೆ ಮಾತಾಡಬೇಕಿದೆ.

ಪ್ರಯೋಗ ಚಿಕ್ಕದಾದಷ್ಟೂ ಒಳ್ಳೆಯದು ಅನ್ನುವ ನಂಬಿಕೆಯೇ ಆ ಅಭ್ಯಾಸ. ಸೋಂಕು ಹಾಕಿ 24 ಗಂಟೆಗೋ 48 ಗಂಟೆಗೋ ಮುಗಿಸುವ ಅರ್ಜಿ ಸುಲಭವಾಗಿ ಪಾಸಾಗುತ್ತದೆ. ಅದೇ ಇಲಿಯನ್ನು ಎರಡು ತಿಂಗಳು ಗಮನಿಸುತ್ತೇವೆ ಅಂದರೆ ಹುಬ್ಬು ಮೇಲೇರುತ್ತದೆ. ಇಲಿ ಕಡಿಮೆ ದಿನ ನರಳಲಿ ಅನ್ನುವ ಕಾಳಜಿ ಅದರ ಹಿಂದಿದೆ, ಗೊತ್ತು. ಆ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಈ ಕಾಯಿಲೆಯ ನಿಜವಾದ ಕಷ್ಟ ಅದು ಮತ್ತೆ ಮತ್ತೆ ಬರುವುದರಲ್ಲಿದೆ. ಅದನ್ನು ಎರಡು ದಿನದಲ್ಲಿ ನೋಡಲು ಆಗುವುದಿಲ್ಲ. ಪ್ರಶ್ನೆಗೆ ಉತ್ತರವನ್ನೇ ಕೊಡಲಾಗದ ಪ್ರಯೋಗಕ್ಕೆ ಬಳಸಿದ ಇಲಿ ಎಷ್ಟೇ ಕಡಿಮೆ ನರಳಲಿ, ಸುಮ್ನೆ ಸತ್ತ ಹಾಗಾಯಿತು, ಅಲ್ವಾ?

ಕಾಯಿಲೆಯ ಗಾತ್ರ ಎಷ್ಟೆಂದು ಮೊದಲು ಹೇಳುತ್ತೇನೆ. 2019ರಲ್ಲಿ ಜಗತ್ತಿನಾದ್ಯಂತ 40 ಕೋಟಿಗೂ ಹೆಚ್ಚು ಸಲ ಮೂತ್ರನಾಳದ ಸೋಂಕು ಬಂತು, ಎರಡು ಲಕ್ಷಕ್ಕೂ ಹೆಚ್ಚು ಸಾವುಗಳಾದವು ಎಂಬ ಅಂದಾಜಿದೆ. ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ಬಂದವರಲ್ಲಿ ಹತ್ತಿರ ಹತ್ತಿರ ಕಾಲು ಭಾಗಕ್ಕೆ ಆರು ತಿಂಗಳೊಳಗೆ ಇನ್ನೊಮ್ಮೆ ಬರುತ್ತದೆ. ಕೆಲವರಿಗಂತೂ ವರ್ಷಗಟ್ಟಲೆ ಬಿಡುವೇ ಇಲ್ಲ. ಉರಿಮೂತ್ರ, ಕೆಳಹೊಟ್ಟೆ ನೋವು, ಪದೇ ಪದೇ ಎದ್ದು ಹೋಗಬೇಕಾದ ಅವಸರ, ರಾತ್ರಿ ನಿದ್ದೆ ಇಲ್ಲ. ಆ್ಯಂಟಿಬಯೋಟಿಕ್ ತಗೊಂಡರೆ ನಾಲ್ಕು ದಿನ ನೆಮ್ಮದಿ, ಆಮೇಲೆ ಮತ್ತೆ ಅದೇ ಕತೆ. ಪ್ರತಿ ಸಲ ಮಾತ್ರೆ ನುಂಗಿದಾಗಲೂ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಗೆ ಬೆಳೆಯಲು ಇನ್ನೊಂದು ಅವಕಾಶ ಸಿಗುತ್ತದೆ. ಸಾಧಾರಣ ಮೂತ್ರಸೋಂಕಿಗೆಂದೇ ಹೊಸ ಬಗೆಯ ಬಾಯಿಮಾತ್ರೆಯೊಂದು, ಜೆಪೋಟಿಡಾಸಿನ್, ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 2025ರಲ್ಲಿ. ಅಂಥದ್ದೊಂದು ಬರಲು ಮೂವತ್ತು ವರ್ಷದ ಹತ್ತಿರ ಹಿಡಿಯಿತು.

ಈ ಸೋಂಕುಗಳಲ್ಲಿ ಮುಕ್ಕಾಲು ಪಾಲಿಗೆ ಕಾರಣ ಇ. ಕೋಲಿ ಬ್ಯಾಕ್ಟೀರಿಯಾ. ನಮ್ಮ ಕರುಳಿನಲ್ಲೇ ಇರುವಂಥದ್ದು. ಅದು ಮೂತ್ರಕೋಶಕ್ಕೆ ಬಂದು ಏನು ಮಾಡುತ್ತದೆ ಅನ್ನುವುದನ್ನು ಮನುಷ್ಯರಲ್ಲಿ ಗಂಟೆಗಂಟೆಗೂ ನೋಡುವ ದಾರಿಯಿಲ್ಲ. ರೋಗಿ ವೈದ್ಯರ ಬಳಿ ಬರುವಷ್ಟರಲ್ಲಿ ಸೋಂಕು ಶುರುವಾಗಿ ದಿನಗಳೇ ಕಳೆದಿರುತ್ತವೆ. ಕೈಗೆ ಸಿಗುವುದು ಒಂದು ಡಬ್ಬಿ ಮೂತ್ರ ಮಾತ್ರ. ಹಾಗಾಗಿ ಇಲಿ ಬೇಕಾಯಿತು.

ಪ್ರಯೋಗ ಹೇಗೆ ನಡೆಯುತ್ತದೆಂದು ಸಮಿತಿಯ ಹೊರಗಿನ ಓದುಗರಿಗಾಗಿ ಬಿಡಿಸಿ ಹೇಳುತ್ತೇನೆ. ಹೆಣ್ಣು ಇಲಿಗೆ ಐಸೋಫ್ಲುರೇನ್ ಎಂಬ ಅನಿಲ ಕೊಟ್ಟು ಪ್ರಜ್ಞೆ ತಪ್ಪಿಸುತ್ತೇವೆ. ಮೂತ್ರಕೋಶವನ್ನು ಮೆಲ್ಲಗೆ ಒತ್ತಿ ಖಾಲಿ ಮಾಡುತ್ತೇವೆ. ಬಹಳ ಸಣ್ಣ, ಮೆತ್ತನೆಯ ಕ್ಯಾಥೆಟರ್ ಅನ್ನು ಮೂತ್ರದ್ವಾರದ ಮೂಲಕ ಒಳಗೆ ಬಿಟ್ಟು 50 ಮೈಕ್ರೋಲೀಟರ್‌ನಷ್ಟು, ಅಂದರೆ ಒಂದು ಹನಿಯಷ್ಟು ದ್ರವ ಹಾಕುತ್ತೇವೆ. ಆ ಹನಿಯಲ್ಲಿ ಒಂದರಿಂದ ಹತ್ತು ಕೋಟಿ ಬ್ಯಾಕ್ಟೀರಿಯಾ ಇರುತ್ತವೆ. ಬ್ಯಾಕ್ಟೀರಿಯಾ ರೋಗಿಗಳಿಂದಲೇ ಬಂದದ್ದು. ಯುಟಿಐ89 ಅನ್ನುವುದು ಮೂತ್ರಕೋಶದ ಸೋಂಕಿದ್ದ ರೋಗಿಯಿಂದ, ಸಿಎಫ್‌ಟಿ073 ಅನ್ನುವುದು ಕಿಡ್ನಿಗೆ ಸೋಂಕು ಏರಿದ್ದ ಮಹಿಳೆಯಿಂದ. ದ್ರವವನ್ನು ನಿಧಾನವಾಗಿ ಹಾಕಬೇಕು. ಅವಸರ ಮಾಡಿದರೆ, ಅಥವಾ ಪ್ರಮಾಣ ಜಾಸ್ತಿಯಾದರೆ, ಅದು ಹಿಮ್ಮುಖವಾಗಿ ಕಿಡ್ನಿಗೆ ನುಗ್ಗುತ್ತದೆ. ಆಗ ನಾವು ನೋಡುವುದು ಬ್ಯಾಕ್ಟೀರಿಯಾದ ಶಕ್ತಿಯಲ್ಲ, ನಮ್ಮ ಕೈಯ ತಪ್ಪು. ಈ ಕೆಲಸ ಮಾಡುವವರ ಕೈ ಪಳಗಿದೆಯೇ ಎಂದು ಸಮಿತಿ ಕೇಳಬೇಕಾದ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಮೂತ್ರದ ಹರಿವಿಗೆ ಅಡ್ಡಿ ಮಾಡದೆ ಹೀಗೆ ಕೆಳಗಿನಿಂದ ಏರುವ ಸೋಂಕನ್ನು ಇಲಿಯಲ್ಲಿ ಮಾಡಿ ತೋರಿಸಿದವರಲ್ಲಿ ಸ್ವೀಡನ್ನಿನ ಸಂಶೋಧಕರು ಮುಖ್ಯರು. ಅದು 1983. ಅದಕ್ಕೂ ಮೊದಲಿನ ಎಷ್ಟೋ ಪ್ರಯೋಗಗಳಲ್ಲಿ ಹರಿವನ್ನು ಕಟ್ಟಿಯೇ ಸೋಂಕು ಮಾಡಬೇಕಾಗುತ್ತಿತ್ತು. ಆ ಸುಮಾರಿಗೇ ಇನ್ನೊಂದು ವಿಷಯವೂ ಕಂಡಿತು. ಸಿ3ಎಚ್/ಎಚ್‌ಇಜೆ ಎಂಬ ತಳಿಯ ಇಲಿಗಳಿಗೆ ಈ ಬ್ಯಾಕ್ಟೀರಿಯಾವನ್ನು ಹೊರಹಾಕಲು ಆಗುತ್ತಿರಲಿಲ್ಲ. ಅವುಗಳಲ್ಲಿ ಕೆಟ್ಟಿದ್ದು, ಬ್ಯಾಕ್ಟೀರಿಯಾ ನುಗ್ಗಿದ್ದನ್ನು ಗುರುತಿಸಲು ದೇಹಕ್ಕೆ ಬೇಕಾದ ಟಿಎಲ್‌ಆರ್4 ಎಂಬ ಜೀನ್ ಎಂದು 1998ರಲ್ಲಿ ಗೊತ್ತಾಯಿತು. ಆ ಜೀನನ್ನು ಗುರುತಿಸಿದ ಬ್ರೂಸ್ ಬಾಯ್ಟ್ಲರ್ 2011ರ ನೊಬೆಲ್ ಪ್ರಶಸ್ತಿ ಪಡೆದವರಲ್ಲಿ ಒಬ್ಬರು.

ನಾನು ನಿಮಗೆ ಮುಖ್ಯವಾಗಿ ನೆನಪಿಸಬೇಕಿರುವುದು ಅದೇ 1998ರಿಂದ ಮುಂದಿನ ಹತ್ತು ವರ್ಷಗಳ ಕೆಲಸವನ್ನು. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಕಾಟ್ ಹಲ್ಟ್‌ಗ್ರೆನ್ ಅವರ ತಂಡ ಇಲಿಯ ಮೂತ್ರಕೋಶದ ಒಳಮೈಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿತು. ಇ. ಕೋಲಿಯ ಮೈಮೇಲೆ ಕೂದಲಿನಂಥ ಎಳೆಗಳಿವೆ. ಅವುಗಳ ತುದಿಯಲ್ಲಿ ಫಿಮ್‌ಎಚ್ ಎಂಬ ಪ್ರೋಟೀನ್ ಇದೆ. ಮೂತ್ರಕೋಶದ ಒಳಗೋಡೆಯ ಮೇಲಿನ ಜೀವಕೋಶಗಳಲ್ಲಿ ಮ್ಯಾನೋಸ್ ಎಂಬ ಸಕ್ಕರೆ ಹೊತ್ತ ಪ್ರೋಟೀನುಗಳಿವೆ. ಫಿಮ್‌ಎಚ್ ಆ ಸಕ್ಕರೆಯನ್ನು ಕಚ್ಚಿ ಹಿಡಿಯುತ್ತದೆ. ಮೂತ್ರ ರಭಸದಿಂದ ಹರಿದರೂ ಬ್ಯಾಕ್ಟೀರಿಯಾ ಕೊಚ್ಚಿ ಹೋಗುವುದಿಲ್ಲ. ಅಷ್ಟಕ್ಕೇ ನಿಲ್ಲುವುದಿಲ್ಲ, ಅದು ಕೋಶದ ಒಳಗೂ ನುಗ್ಗುತ್ತದೆ.

ಒಳಗೆ ಏನಾಗುತ್ತದೆ ಅನ್ನುವುದು 2003ರಲ್ಲಿ ಸ್ಪಷ್ಟವಾಯಿತು. ಒಂದೇ ಒಂದು ಬ್ಯಾಕ್ಟೀರಿಯಾ ಕೋಶದೊಳಗೆ ಸೇರಿ, ಗಂಟೆಗಳಲ್ಲಿ ಸಾವಿರಾರು ಆಗಿ, ಒತ್ತೊತ್ತಾಗಿ ಗುಂಪುಗೂಡುತ್ತದೆ. ಕೋಶ ಉಬ್ಬಿ ಮೂತ್ರಕೋಶದ ಒಳಕ್ಕೆ ಬೊಕ್ಕೆಯ ಹಾಗೆ ಚಾಚಿಕೊಳ್ಳುತ್ತದೆ. ಆ ಗುಂಪಿನ ಒಳಗಿದ್ದವುಗಳಿಗೆ ನಮ್ಮ ರಕ್ಷಣಾ ಕೋಶಗಳ ಕೈ ಎಟಕುವುದಿಲ್ಲ. ಎಷ್ಟೋ ಆ್ಯಂಟಿಬಯೋಟಿಕ್‌ಗಳದ್ದೂ ಎಟಕುವುದಿಲ್ಲ. ದೇಹ ಸುಮ್ಮನಿರುವುದಿಲ್ಲ, ಸೋಂಕಾದ ಕೋಶಗಳನ್ನೇ ಕಳಚಿ ಮೂತ್ರದಲ್ಲಿ ಹೊರಹಾಕುತ್ತದೆ. ಆದರೆ ಅಷ್ಟರಲ್ಲಿ ಕೆಲವು ಬ್ಯಾಕ್ಟೀರಿಯಾ ಉದ್ದುದ್ದ ಎಳೆಗಳಾಗಿ ಹೊರಬಂದು ಪಕ್ಕದ ಕೋಶ ಸೇರಿರುತ್ತವೆ. ಇನ್ನು ಕೆಲವು ಕೆಳಗಿನ ಪದರದ ಕೋಶಗಳಲ್ಲಿ ನಾಲ್ಕಾರು ಸಂಖ್ಯೆಯಲ್ಲಿ ಸದ್ದಿಲ್ಲದೆ ಉಳಿದುಬಿಡುತ್ತವೆ. ಮೂತ್ರ ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ. ವಾರಗಳು ಕಳೆದ ಮೇಲೆ ಅವು ಮತ್ತೆ ಎದ್ದು ಬರಬಲ್ಲವು.

ಇದು ಇಲಿಯ ಕತೆ, ಮನುಷ್ಯರಿಗೆ ಇದಕ್ಕೂ ಏನು ಸಂಬಂಧ ಎಂದು ಆಗ ಹಲವರು ಕೇಳಿದರು. ಕೇಳಲೇಬೇಕಾದ ಪ್ರಶ್ನೆ ಅದು. 2007ರಲ್ಲಿ ಉತ್ತರ ಬಂತು. ಮೂತ್ರಸೋಂಕಿದ್ದ 80 ಮಹಿಳೆಯರ ಮೂತ್ರ ಪರೀಕ್ಷಿಸಿದಾಗ 14 ಜನರಲ್ಲಿ ಉದುರಿದ ಕೋಶಗಳ ಒಳಗೆ ಅದೇ ಬ್ಯಾಕ್ಟೀರಿಯಾ ಗುಂಪುಗಳು ಕಂಡವು. 33 ಜನರಲ್ಲಿ ಅದೇ ಉದ್ದುದ್ದ ಎಳೆಗಳು ಕಂಡವು. ಇಲಿಯಲ್ಲಿ ಮೊದಲೇ ನೋಡಿರದಿದ್ದರೆ ಮನುಷ್ಯರ ಮೂತ್ರದಲ್ಲಿ ಇದನ್ನು ಹುಡುಕಬೇಕು ಅನ್ನುವುದೇ ಯಾರಿಗೂ ಹೊಳೆಯುತ್ತಿರಲಿಲ್ಲ.

ಇದರ ಬೆಲೆ ನನಗೆ ಪ್ರಯೋಗಾಲಯದ ಆಚೆಯೂ ಕಾಣುತ್ತದೆ. ಪದೇ ಪದೇ ಸೋಂಕಾಗುವ ಹೆಣ್ಣುಮಕ್ಕಳಿಗೆ ಎಷ್ಟೋ ಕಾಲದಿಂದ ಒಂದೇ ಮಾತು ಹೇಳುತ್ತಾ ಬಂದಿದ್ದೇವೆ: ನೀವು ಸ್ವಚ್ಛವಾಗಿರಿ, ನೀರು ಕುಡಿಯಿರಿ. ನೀರು ಕುಡಿಯುವುದು ಒಳ್ಳೆಯದೇ. ಆದರೆ ಸ್ವಚ್ಛತೆಯ ಮಾತಿನ ಒಳಗೆ ತಪ್ಪು ನಿನ್ನದೇ ಅನ್ನುವ ಧ್ವನಿ ಇದೆ. ಅದನ್ನು ಕೇಳಿ ಕೇಳಿ ಕುಗ್ಗಿಹೋದವರು ಬಹಳ ಜನ ಇದ್ದಾರೆ. ಬ್ಯಾಕ್ಟೀರಿಯಾ ಮೂತ್ರಕೋಶದ ಗೋಡೆಯೊಳಗೇ ಅಡಗಿ ಕೂರಬಲ್ಲದು ಎಂದು ತೋರಿಸಿದ್ದು ಆ ಆಪಾದನೆಯ ಭಾರವನ್ನು ಸ್ವಲ್ಪವಾದರೂ ಇಳಿಸಿತು. ಎಲ್ಲ ಮರುಸೋಂಕೂ ಹೀಗೇ ಬರುತ್ತದೆ ಎಂದಲ್ಲ. ಕರುಳಿನಿಂದ ಹೊಸದಾಗಿ ಬರುವುದೂ ಇದೆ. ಆದರೆ ಯಾರನ್ನೂ ದೂರುವ ಮೊದಲು ಎರಡು ಸಲ ಯೋಚಿಸಲು ಇಷ್ಟು ಸಾಕು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಮೇಲೆ ಹೇಳಿದ ಗುಂಪುಗಳು 24 ಗಂಟೆಯೊಳಗೆ ಕಾಣುತ್ತವೆ. ಅವುಗಳಿಗೆ ಚಿಕ್ಕ ಪ್ರಯೋಗ ಸಾಕಾಗಿತ್ತು. ಆ ಯಶಸ್ಸಿನಿಂದಲೇ ಚಿಕ್ಕ ಪ್ರಯೋಗ ಒಂದು ಅಚ್ಚಾಗಿಬಿಟ್ಟಿತು. ಏಳೆಂಟು ವಾರದ ಆರೋಗ್ಯವಂತ ಹೆಣ್ಣು ಇಲಿ, ಹಿಂದೆ ಎಂದೂ ಸೋಂಕು ಕಾಣದ್ದು, ಒಂದೇ ತಳಿ, ಒಂದೇ ಡೋಸ್, ಮರುದಿನ ಬ್ಯಾಕ್ಟೀರಿಯಾ ಎಣಿಕೆ. ಇಂಥ ಅರ್ಜಿಗಳು ಸಾಲುಸಾಲಾಗಿ ಬರುತ್ತವೆ, ನೀವು ಒಪ್ಪುತ್ತೀರಿ. ಆದರೆ ನಿಜವಾಗಿ ಕಷ್ಟಪಡುತ್ತಿರುವವರು ಯಾರು? ಮುಟ್ಟು ನಿಂತವರು, ಹತ್ತಾರು ಸಲ ಸೋಂಕಾದವರು, ವಯಸ್ಸಾದ ಗಂಡಸರು, ಕ್ಯಾಥೆಟರ್ ಹಾಕಿಕೊಂಡು ಮಲಗಿರುವವರು. ಆ ಎಳೆಯ ಇಲಿ ಇವರಲ್ಲಿ ಯಾರ ಪರವಾಗಿಯೂ ನಿಲ್ಲಲಾರದು.

ದೀರ್ಘ ಪ್ರಯೋಗಗಳಿಗೆ ಅನುಮತಿ ಸಿಕ್ಕಾಗ ಏನೇನು ಗೊತ್ತಾಗಿದೆ ನೋಡಿ. ಸಿ3ಎಚ್/ಎಚ್‌ಇಎನ್ ಎಂಬ ಇನ್ನೊಂದು ತಳಿಯಲ್ಲಿ ಕೆಲವು ಇಲಿಗಳು ತಾವಾಗಿಯೇ ಗುಣವಾಗುತ್ತವೆ, ಕೆಲವಕ್ಕೆ ಸೋಂಕು ವಾರಗಟ್ಟಲೆ ಉಳಿಯುತ್ತದೆ. ಹಾಗೆ ಉಳಿದವುಗಳಿಗೆ ಆ್ಯಂಟಿಬಯೋಟಿಕ್ ಕೊಟ್ಟು ಪೂರ್ತಿ ಗುಣಪಡಿಸಿದ ಮೇಲೂ ಮೂತ್ರಕೋಶದ ಒಳಪದರ ಮೊದಲಿನಂತಾಗುವುದಿಲ್ಲ. ಮುಂದಿನ ಸಲ ಅದೇ ಬ್ಯಾಕ್ಟೀರಿಯಾ ಬಂದರೆ ಸೋಂಕು ಇನ್ನೂ ಜೋರಾಗುತ್ತದೆ. 2016ರಲ್ಲಿ ಪ್ರಕಟವಾದ ಈ ಕೆಲಸ ಒಂದು ದೊಡ್ಡ ಪ್ರಶ್ನೆ ಎತ್ತಿತು: ಮೊದಲ ಸೋಂಕಿಗೆ ಚಿಕಿತ್ಸೆ ತಡವಾದರೆ ಮುಂದಿನ ಸೋಂಕುಗಳಿಗೆ ನಾವೇ ಬಾಗಿಲು ತೆರೆದ ಹಾಗೆ ಆಗುತ್ತದೆಯೇ? 2017ರಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಗಾರ್ಡ್ನೆರೆಲ್ಲಾ ಎಂಬ ಯೋನಿಯ ಬ್ಯಾಕ್ಟೀರಿಯಾ ಇಲಿಯ ಮೂತ್ರಕೋಶಕ್ಕೆ ಸ್ವಲ್ಪ ಹೊತ್ತು ಬಂದು ಹೋದರೂ ಸಾಕು, ಅಲ್ಲಿ ಅಡಗಿದ್ದ ಇ. ಕೋಲಿ ಎಚ್ಚೆತ್ತು ಹೊರಬರುತ್ತದೆ. ಬಂದು ಹೋದದ್ದರ ಗುರುತು ಮೂತ್ರ ಪರೀಕ್ಷೆಯಲ್ಲಿ ಇರುವುದೇ ಇಲ್ಲ. 2024ರಲ್ಲಿ ಮತ್ತೊಂದು ತಂಡ ತೋರಿಸಿದ್ದು ಹೀಗೆ: ಮತ್ತೆ ಮತ್ತೆ ಸೋಂಕಾದ ಮೂತ್ರಕೋಶದಲ್ಲಿ ನೋವು ಹೊರುವ ನರಗಳು ಹೆಚ್ಚಾಗಿ ಚಿಗುರಿಕೊಳ್ಳುತ್ತವೆ. ಇಲಿಗಳಲ್ಲೂ ಕಂಡಿತು, ರೋಗಿಗಳಿಂದ ತೆಗೆದ ತುಣುಕುಗಳಲ್ಲೂ ಕಂಡಿತು. ಟೆಸ್ಟ್ ನೆಗೆಟಿವ್ ಇದ್ದರೂ ನೋವು ಹೋಗಿಲ್ಲ ಅನ್ನುವವರ ಮಾತನ್ನು ಇನ್ನು ಮುಂದೆ ಮನಸ್ಸಿನ ಭ್ರಮೆ ಎಂದು ತಳ್ಳಿಹಾಕುವಂತಿಲ್ಲ.

ಇದರಲ್ಲಿ ಒಂದೂ 48 ಗಂಟೆಯಲ್ಲಿ ಸಿಗುತ್ತಿರಲಿಲ್ಲ.

ಗಂಡು ಇಲಿಗಳ ವಿಷಯವೂ ಹಾಗೆಯೇ. ಗಂಡಿನಲ್ಲಿ ಕ್ಯಾಥೆಟರ್ ಹಾಕುವುದು ಕಷ್ಟ ಅನ್ನುವ ಒಂದೇ ಕಾರಣಕ್ಕೆ ದಶಕಗಟ್ಟಲೆ ಹೆಣ್ಣು ಇಲಿಗಳನ್ನೇ ಬಳಸಿದೆವು. 2016ರಲ್ಲಿ ಸಣ್ಣ ಶಸ್ತ್ರಕ್ರಿಯೆ ಮಾಡಿ ನೇರವಾಗಿ ಮೂತ್ರಕೋಶಕ್ಕೆ ಬ್ಯಾಕ್ಟೀರಿಯಾ ಹಾಕಿ ನೋಡಿದಾಗ ಗಂಡು ಇಲಿಗಳ ಸೋಂಕೇ ಹೆಚ್ಚು ತೀವ್ರವಾಗಿತ್ತು. ಅದರಲ್ಲಿ ಟೆಸ್ಟೋಸ್ಟಿರಾನ್ ಪಾತ್ರ ಇದೆ ಎಂದೂ ಗೊತ್ತಾಯಿತು. ಗಂಡಸರಿಗೆ ಈ ಕಾಯಿಲೆ ಬಂದಾಗ ಯಾಕೆ ಜೋರಾಗಿರುತ್ತದೆ ಅನ್ನುವುದಕ್ಕೆ ಅಷ್ಟು ತಡವಾಗಿ ಒಂದು ಎಳೆ ಸಿಕ್ಕಿತು.

ಇಲಿ ಎಲ್ಲಕ್ಕೂ ಉತ್ತರ ಕೊಡುತ್ತದೆ ಎಂದು ನಾನು ಹೇಳುತ್ತಿಲ್ಲ. ಮನುಷ್ಯರಲ್ಲಿ ಬ್ಯಾಕ್ಟೀರಿಯಾ ಕರುಳಿನಿಂದ ಹೊರಟು, ಚರ್ಮದ ಮೇಲೆ ಹರಿದು, ಮೂತ್ರದ್ವಾರ ಹತ್ತಿ ಬರಬೇಕು. ಇಲಿಯಲ್ಲಿ ಆ ದಾರಿಯನ್ನೆಲ್ಲ ಬಿಟ್ಟು ಕೋಟಿಗಟ್ಟಲೆ ಬ್ಯಾಕ್ಟೀರಿಯಾವನ್ನು ನಾವೇ ಒಳಗೆ ಸುರಿಯುತ್ತೇವೆ. ಇಲಿಯ ಮೂತ್ರ ನಮ್ಮದಕ್ಕಿಂತ ತುಂಬಾ ಗಾಢ. ಮಿಷಿಗನ್ ವಿಶ್ವವಿದ್ಯಾಲಯದ ಹ್ಯಾರಿ ಮೊಬ್ಲಿ ಅವರ ತಂಡ ಸೋಂಕಾದ ಮಹಿಳೆಯರ ಮೂತ್ರವನ್ನೂ ಇಲಿಗಳ ಮೂತ್ರವನ್ನೂ ಪಕ್ಕಪಕ್ಕ ಇಟ್ಟು, ಬ್ಯಾಕ್ಟೀರಿಯಾದ ಯಾವ ಜೀನ್‌ಗಳು ಕೆಲಸ ಮಾಡುತ್ತಿವೆ ಎಂದು ನೋಡಿತು. ಬಹುಪಾಲು ಹೊಂದಿಕೆಯಾಯಿತು. ಆದರೆ ಆ ಅಂಟಿಕೊಳ್ಳುವ ಎಳೆಗಳ ಜೀನ್‌ಗಳು ಮಹಿಳೆಯರ ಮೂತ್ರದಲ್ಲಿ ಇಲಿಗಳಲ್ಲಿ ಇದ್ದಷ್ಟು ಚುರುಕಾಗಿರಲಿಲ್ಲ. ಈ ವ್ಯತ್ಯಾಸವನ್ನು ಸಣ್ಣದು ಎಂದು ಬದಿಗಿಡಬಾರದು.

ಔಷಧಿಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಫಿಮ್‌ಎಚ್ ಬಾಯಿಯನ್ನು ಮುಚ್ಚುವಂತೆ ತಯಾರಿಸಿದ ಮ್ಯಾನೋಸೈಡ್ ಎಂಬ ಔಷಧಿಗಳು 2011ರಲ್ಲಿ ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದವು. ಅಂಗಡಿಯಲ್ಲಿ ಸಿಗುವ ಡಿ-ಮ್ಯಾನೋಸ್ ಪುಡಿಯ ಹಿಂದೆ ಇರುವುದೂ ಇದೇ ಯೋಚನೆ, ಆದರೆ ಅದು ಫಿಮ್‌ಎಚ್‌ಗೆ ಅಷ್ಟು ಬಿಗಿಯಾಗಿ ಅಂಟುವುದಿಲ್ಲ. 2024ರಲ್ಲಿ ಸುಮಾರು 600 ಮಹಿಳೆಯರ ಮೇಲೆ ಆರು ತಿಂಗಳು ನಡೆದ ಪರೀಕ್ಷೆಯಲ್ಲಿ ಡಿ-ಮ್ಯಾನೋಸ್ ತಗೊಂಡವರಿಗೂ ಬೇರೆ ಪುಡಿ ತಗೊಂಡವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಲಿಯ ಫಲಿತಾಂಶವನ್ನು ಮನುಷ್ಯರಲ್ಲಿ ಪರೀಕ್ಷಿಸುವ ತನಕ ಯಾರಿಗೂ ಭರವಸೆ ಮಾರಬಾರದು. ಅದೇ ಮುಟ್ಟು ನಿಂತ ಮಹಿಳೆಯರಿಗೆ ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮು ಮರುಸೋಂಕನ್ನು ಬಹಳ ತಗ್ಗಿಸುತ್ತದೆ ಎಂದು 1993ರಲ್ಲೇ ಮನುಷ್ಯರ ಮೇಲಿನ ಪರೀಕ್ಷೆ ತೋರಿಸಿತ್ತು. ಯಾಕೆ ತಗ್ಗಿಸುತ್ತದೆ ಅನ್ನುವುದನ್ನು ವಿವರಿಸಲು ಅಂಡಾಶಯ ತೆಗೆದ ಇಲಿಗಳ ಪ್ರಯೋಗ ಬಂದದ್ದು ಎಷ್ಟೋ ವರ್ಷ ಆದ ಮೇಲೆ.

ನೋವಿನ ವಿಷಯ ಕಠಿಣವಾದದ್ದು. ಅದನ್ನು ಮರೆಮಾಚಿ ಈ ಪತ್ರ ಮುಗಿಸಲಾರೆ. ಸೋಂಕಾದ ಇಲಿಗೆ ನೋವಾಗುತ್ತದೆ. ನೋವು ನಿವಾರಕ ಕೊಡಿ ಎಂದು ನೀವು ಹೇಳುತ್ತೀರಿ. ಆದರೆ ಉರಿಯೂತ ತಗ್ಗಿಸುವ ಮಾತ್ರೆಗಳು ಸೋಂಕಿನ ಹಾದಿಯನ್ನೇ ಬದಲಿಸುತ್ತವೆ. ಉರಿಯೂತ ಎಬ್ಬಿಸುವ ಕಾಕ್ಸ್-2 ಎಂಬ ಕಿಣ್ವವನ್ನು ತಡೆದಾಗ ಇಲಿಗಳಲ್ಲಿ ದೀರ್ಘ ಸೋಂಕು ಕಡಿಮೆಯಾಯಿತು. ಮನುಷ್ಯರಲ್ಲೂ 2015ರ ಒಂದು ದೊಡ್ಡ ಪರೀಕ್ಷೆಯಲ್ಲಿ ಐಬುಪ್ರೊಫೆನ್ ಎಂಬ ಇಂಥದ್ದೇ ಮಾತ್ರೆ ಪಡೆದ ಮಹಿಳೆಯರಲ್ಲಿ ಮೂರನೇ ಎರಡು ಭಾಗ ಆ್ಯಂಟಿಬಯೋಟಿಕ್ ಇಲ್ಲದೆಯೇ ಗುಣವಾದರು. ಆದರೆ ಆ ಗುಂಪಿನವರು ಹೆಚ್ಚು ನೋವು ಉಂಡರು, ಕಿಡ್ನಿಗೆ ಸೋಂಕು ಏರಿದ ಕೆಲವರಲ್ಲಿ ಹೆಚ್ಚಿನವರೂ ಅದೇ ಗುಂಪಿನವರು. ಹಾಗಾಗಿ ನೋವು ನಿವಾರಕ ಕೊಡದೆ ಇರುವುದಕ್ಕೆ ವೈಜ್ಞಾನಿಕ ಕಾರಣ ಇರಬಹುದು. ಆದರೆ ಆ ಕಾರಣವನ್ನು ಪ್ರತಿ ಅರ್ಜಿಯಲ್ಲೂ ಹೊಸದಾಗಿ ಸಮರ್ಥಿಸಲೇಬೇಕು. ಉರಿಯೂತಕ್ಕೆ ಕೈ ಹಾಕದ ಬೇರೆ ನೋವು ನಿವಾರಕ ಆಗುತ್ತದೆಯೇ, ಯಾವ ಲಕ್ಷಣ ಕಂಡರೆ ಇಲಿಯನ್ನು ಪ್ರಯೋಗದಿಂದ ತೆಗೆಯುತ್ತೀರಿ, ತೂಕ ಎಷ್ಟು ಇಳಿದರೆ ನಿಲ್ಲಿಸುತ್ತೀರಿ ಎಂದು ನಮ್ಮನ್ನು ಬಿಡದೆ ಕೇಳಿ. ದೀರ್ಘ ಪ್ರಯೋಗ ಬೇಕು ಎನ್ನುವ ನನ್ನಂಥವರನ್ನು ಇನ್ನೂ ಜಾಸ್ತಿ ಕೇಳಿ.

ಇಲಿ ಬೇಡದ ಕಡೆ ಇಲಿಯನ್ನು ಕೊಡಲೂಬೇಡಿ. ಪ್ರಾಣಿ ಪ್ರಯೋಗಗಳ ನೀತಿಗೆ ಬುನಾದಿ ಹಾಕಿದ ವಿಜ್ಞಾನಿಗಳಾದ ರಸೆಲ್ ಮತ್ತು ಬರ್ಚ್ 1959ರಲ್ಲೇ ಹೇಳಿದ್ದು ಅದನ್ನು: ಬದಲಿ ಇದ್ದರೆ ಬದಲಿ ಬಳಸಿ, ಸಂಖ್ಯೆ ಇಳಿಸಿ, ನೋವು ತಗ್ಗಿಸಿ. ಇವತ್ತು ಮನುಷ್ಯರ ಮೂತ್ರಕೋಶದ ಕೋಶಗಳನ್ನು ಪದರಪದರವಾಗಿ ಬೆಳೆಸಬಹುದು. ಮೂತ್ರ ತುಂಬಿ ಖಾಲಿಯಾಗುವುದನ್ನು ಅನುಕರಿಸುವ ಚಿಪ್‌ಗಳೂ ಬಂದಿವೆ. ಬ್ಯಾಕ್ಟೀರಿಯಾ ಅಂಟುತ್ತದೆಯೇ, ಔಷಧಿ ಕೋಶದೊಳಗೆ ತಲುಪುತ್ತದೆಯೇ ಅನ್ನುವ ಮೊದಲ ಪರೀಕ್ಷೆಗೆ ಇವೇ ಸಾಕು. ಒಂದು ಹೊಸ ಅಣುವನ್ನು ನೇರ ಇಲಿಗೆ ಹಾಕಿ ಮರುದಿನ ಎಣಿಸುತ್ತೇವೆ ಎಂದು ಬರುವ ಅರ್ಜಿಯನ್ನು ವಾಪಸ್ ಕಳಿಸಿ. ಹಾಗೆ ಉಳಿಯುವ ಇಲಿಗಳ ಪಾಲನ್ನು ಬೇರೆ ಯಾವುದರಿಂದಲೂ ಉತ್ತರ ಸಿಗದ ಪ್ರಶ್ನೆಗಳಿಗೆ ಇಡಿ. ನರ, ಹಾರ್ಮೋನು, ವಯಸ್ಸು, ಹಳೆಯ ಸೋಂಕಿನ ನೆನಪು, ಇವೆಲ್ಲ ಒಟ್ಟಿಗೆ ಇರುವುದು ಬದುಕಿರುವ ದೇಹದಲ್ಲಿ ಮಾತ್ರ.

ಹಣ ಕೊಡುವವರಿಗೆ ನನ್ನ ಕೋರಿಕೆ ಇನ್ನೂ ನೇರವಾದದ್ದು. ವಯಸ್ಸಾದ ಇಲಿಯನ್ನು ಒಂದೂವರೆ ವರ್ಷ ಸಾಕಲು ಖರ್ಚು ಜಾಸ್ತಿ. ಆ ಖರ್ಚನ್ನು ದಂಡ ಎಂದು ಎಣಿಸಬೇಡಿ. ಎರಡು ವರ್ಷದ ಅನುದಾನದಲ್ಲಿ ಈ ಕೆಲಸ ಹಿಡಿಸುವುದಿಲ್ಲ, ಅವಧಿ ಹೆಚ್ಚಿಸಿ. ಇಲಿಯ ಕೆಲಸಕ್ಕೆ ಹಣ ಕೊಡುವಾಗ ಪಕ್ಕದಲ್ಲೇ ರೋಗಿಗಳ ಮೂತ್ರವನ್ನೂ ಪರೀಕ್ಷಿಸುವ ವೈದ್ಯರೊಬ್ಬರು ತಂಡದಲ್ಲಿ ಇದ್ದಾರೆಯೇ ಎಂದು ಕೇಳಿ. ಸೋಂಕಾಗದ ಇಲಿಗಳು ಎಷ್ಟು, ಲೆಕ್ಕದಿಂದ ಕೈಬಿಟ್ಟದ್ದು ಎಷ್ಟು, ಯಾಕೆ ಎಂಬುದನ್ನು ಪ್ರಾಣಿ ಪ್ರಯೋಗಗಳ ವರದಿ ಹೇಗಿರಬೇಕೆಂದು ಹೇಳುವ ಅರೈವ್ ಮಾರ್ಗಸೂಚಿಯಂತೆ ಪ್ರಕಟಿಸಿದ ಮೇಲಷ್ಟೇ ಕೊನೆಯ ಕಂತು ಬಿಡುಗಡೆ ಮಾಡಿ. ಫಲ ಕೊಡದ ಪ್ರಯೋಗವನ್ನು ಮುಚ್ಚಿಟ್ಟರೆ ಇನ್ನೊಂದು ಕಡೆ ಇನ್ನೊಬ್ಬರು ಅದನ್ನೇ ಮತ್ತೆ ಮಾಡುತ್ತಾರೆ, ಮತ್ತಷ್ಟು ಇಲಿಗಳು ಹೋಗುತ್ತವೆ.

ಸಮಿತಿಯಲ್ಲಿ ಸಾರ್ವಜನಿಕರ ಪ್ರತಿನಿಧಿ ಎಂದು ಒಂದು ಕುರ್ಚಿ ಇರುತ್ತದೆ. ಮೂತ್ರಸೋಂಕಿನ ಅರ್ಜಿ ಬಂದ ದಿನ, ಈ ಕಾಯಿಲೆ ಪದೇ ಪದೇ ಅನುಭವಿಸಿದವರೊಬ್ಬರನ್ನು ಆ ಕುರ್ಚಿಗೆ ಕರೆಯಿರಿ. ಈ ಪ್ರಯೋಗದ ಪ್ರಶ್ನೆ ನಿಮ್ಮ ಪ್ರಶ್ನೆಯೂ ಹೌದೇ ಎಂದು ಅವರನ್ನೇ ಕೇಳಿ. ಅಲ್ಲ ಅಂದರೆ, ಮುಂದಿನ ಅರ್ಜಿಯನ್ನು ಅವರ ಜೊತೆ ಕೂತು ಬರೆಯಲು ನಮಗೆ ಹೇಳಿ.

ಇಂತಿ,
ಮೂತ್ರನಾಳದ ಸೋಂಕಿನ ಮೇಲೆ ಕೆಲಸ ಮಾಡುವ ಒಬ್ಬ ಸಂಶೋಧಕಿ